ಬಾಳೆಲೆ ನಾಡಕಚೇರಿ, ಎರಡನೇ ಮೇಜು

ತೂಕೇರಂಡ ಒಕ್ಕದ ವಂಶಾವಳಿಗೆ
ಒಂದು ಹಾಳೆ ಸಾಲಲಿಲ್ಲ.
ನಾಲ್ಕು ಹಾಳೆ ಅಂಟಿಸಿ ತಂದಿದ್ದರು ಬೆಳ್ಯಪ್ಪನವರು,
ಬಿಡಿಸಿದರೆ ತುದಿ ನನ್ನ ಮಡಿಲಿಗೆ ಬಂತು.
ಎಂಬತ್ತೇಳು ಹೆಸರು,
ತೀರಿಕೊಂಡವರ ಪಕ್ಕ ಕೆಂಪು ಚುಕ್ಕೆ.
"ನಿಧಾನ ನೋಡಮ್ಮ, ಆತುರವಿಲ್ಲ."
ಆತುರವಿಲ್ಲದಿರುವುದೂ ಒಂದು ಆಸ್ತಿ,
ಪಹಣಿಯಲ್ಲಿ ಅದು ಬರುವುದಿಲ್ಲ.

ಬೆರಳಿಟ್ಟು ಓದುತ್ತ ಹೋದೆ.
ಈ ಮಂದಣ್ಣನ ಫೀಸು ಕಟ್ಟಿದ್ದು ಈ ದೊಡ್ಡಪ್ಪ
(ಅವರೇ ಹೇಳಿದರು, ಹೆಮ್ಮೆಗಲ್ಲ, ಹೊತ್ತು ಹೋಗಲೆಂದು),
ದೊಡ್ಡಪ್ಪನನ್ನು ಪಟಾಲಮ್ಮಿಗೆ ಸೇರಿಸಿದ್ದು ಸುಬೇದಾರ್ ಅಜ್ಜ.
ಈಕೆ ದೇಚವ್ವ. ಗಂಡ ಸತ್ತು ತವರಿಗೆ ಮರಳಿದಾಗ
ಒಕ್ಕದವರು ಕೂತು ಮಾತಾಡಿ
ಇಪ್ಪತ್ತು ಬಟ್ಟಿ ಬೆಳೆಯುವ ಗದ್ದೆ ಉಣ್ಣಲು ಬಿಟ್ಟರಂತೆ.
ಮಾಚಯ್ಯನ ಕಾಫಿ ಎರಡು ಸಲ ಬೋರರ್ ಹುಳಕ್ಕೆ ಹೋಯಿತು,
ಕುಡಿತ ಬೇರೆ. ಮೂರನೇ ಸಲ
ಗೋಣಿಕೊಪ್ಪದಲ್ಲೊಂದು ಮದುವೆ, ಊಟದ ಸಾಲು,
ಬ್ಯಾಂಕಿನಲ್ಲಿರುವ ಭಾವ ಭುಜ ತಟ್ಟಿದ: "ಸೋಮವಾರ ಬಾ."
ಬೀಳುವವನೊಬ್ಬನ ಕೆಳಗೆ ಎಷ್ಟು ಕೈಗಳು!
ಮಾಚಯ್ಯ ಈಗ ಹೋಂಸ್ಟೇ ನಡೆಸುತ್ತಾನೆ.
ತಪ್ಪೇನಿಲ್ಲ.
ತಪ್ಪೇನಿಲ್ಲ ಎನ್ನುವುದೇ ನನಗೆ ಕಷ್ಟ.

"ನೀನು ನಮ್ಮ ಚಾತನ ಮೊಮ್ಮಗಳಲ್ಲವಾ?"
ಹೌದು ಅಂದೆ. ಆ ಗದ್ದೆಯ ಬದು ಕಟ್ಟಿದವನ ಮೊಮ್ಮಗಳು.
ಅಜ್ಜ ಸತ್ತ ತಾರೀಕು ಗೊತ್ತಿಲ್ಲ, ಪುತ್ತರಿಗೆ ಮುಂಚೆ ಅಂತಾರೆ.
ನಮ್ಮ ಎಂಬ ಒಂದೇ ಮಾತು
ಎಂಬತ್ತೇಳು ಜನಕ್ಕೆ ಪಾಲು ತಂದಿತು,
ಚಾತನಿಗೆ ಕೆಲಸ.

ನಮಗೂ ಬಂಧುಗಳಿಗೇನು ಬರವಿಲ್ಲ.
ನನಗೆ ಮೊದಲ ಸಂಬಳ ಆದ ದಿನ ಲೈನ್ ಮನೆಗೆ
ತಿತಿಮತಿಯಿಂದ, ಹಾಡಿಯಿಂದ, ಕೋಟೆ ಕಡೆಯಿಂದ
ಹನ್ನೊಂದು ಜನ ಬಂದರು.
ಯಾರೂ ಏನೂ ಕೇಳಲಿಲ್ಲ. ಕೂತರು.
ಮಾವನ ಮುಂಗಡ ತೋಟದ ಪುಸ್ತಕದಲ್ಲಿ ಹದಿನೆಂಟು ಸಾವಿರ,
ಅವನ ಅಪ್ಪನದೂ ಸೇರಿ.
ಅತ್ತೆಯ ಸೊಂಟಕ್ಕೆ ಮೈಸೂರು ಅಂದಿದ್ದರು ಡಾಕ್ಟರು.
ದೊಡ್ಡಮ್ಮನ ಮಗ ಪೊನ್ನಂಪೇಟೆ ಠಾಣೆಯಲ್ಲಿ.
ಚಹಾ ಕುಡಿದು ಲೋಟ ತೊಳೆದಿಟ್ಟು ಹೋದರು,
ಸಂಬಳವೂ ಅವರ ಜೊತೆ ನಡೆದುಹೋಯಿತು.
ಅದೇ ಕೈ, ಅದೇ ಹಿಡಿತ.
ನಿಂತ ನೆಲ ಬೇರೆ.

ಆದರೆ ಮುತ್ತಿ ಚಿಕ್ಕಮ್ಮ?
ಎಂಟನೇ ಕ್ಲಾಸಿನಲ್ಲಿ ನಾನು ಆಶ್ರಮ ಶಾಲೆಯಿಂದ ಓಡಿ ಬಂದಾಗ
ಬೈಯಲಿಲ್ಲ, ಹೊಡೆಯಲಿಲ್ಲ,
ರಾತ್ರಿ ಕಳೆಯಲಿ ಅಂದಳು.
ಬೆಳಗಾಗುತ್ತಲೇ ಒಂಬತ್ತು ಮೈಲಿ ವಾಪಸು ನಡೆಸಿದಳು,
ಆನೆ ದಾಟುವ ಜಾಗ ಬಂದಾಗೆಲ್ಲ
ತಗಡಿನ ಡಬ್ಬ ಬಡಿಯುತ್ತ.
ಗೇಟಿನ ಹತ್ತಿರ ಡಬ್ಬ ನನ್ನ ಕೈಗೆ ಕೊಟ್ಟಳು.
ಒಳಗೆ ಸುಟ್ಟ ಗೆಣಸು, ಇನ್ನೂ ಬಿಸಿ.
ಆ ದಿನದ ಕೂಲಿ ಹೋಯಿತು,
ಹೇಳದೆ ರಜೆ ಹಾಕಿದ್ದಕ್ಕೆ ಮರುದಿನದ್ದೂ.
ಅವಳಿಗೆ ಮಕ್ಕಳಿಲ್ಲ.
ನನ್ನ ವಂಶಾವಳಿಯಲ್ಲಿ ಅವಳಿಗೊಂದು ಕಾಲಂ ಇಲ್ಲ.
ಈ ನಮೂನೆ ದಿನಾ ತುಂಬುವವಳು ನಾನೇ,
ಹುಡುಕಿ ನೋಡಿದ್ದೇನೆ.

ಸಹಿ ಹಾಕಿ ಮೊಹರು ಒತ್ತಿದೆ.
ಬೆಳ್ಯಪ್ಪನವರು ಹಳೆಯ ಮಡಿಕೆಗಳಲ್ಲೇ ಹಾಳೆ ಮಡಿಸಿದರು.
"ಪುತ್ತರಿಗೆ ಮನೆಗೆ ಬಾ," ಅಂದರು, ಮನಸಾರೆ.
ಮುಂಬಾಗಿಲಿಗೋ ಹಿತ್ತಿಲಿಗೋ ಅಂತ ನಾನು ಕೇಳಲಿಲ್ಲ,
ಅವರಿಗೂ ಹೊಳೆದಿರಲಾರದು.

ಐದೂವರೆಯ ಪ್ರೈವೇಟ್ ಬಸ್ಸು.
ಹಿಂದಿನ ಬಾಗಿಲಲ್ಲಿ ಅಣ್ಣನ ಮಗ,
ಅವನ ಜೊತೆ ಇನ್ನೊಬ್ಬ, ಯಾರ ಮಗನೋ,
ಮುಖದಲ್ಲಿ ಮಾತ್ರ ನಮ್ಮ ಮೂಗು.
ಕಂಡಕ್ಟರ್ ಅವರನ್ನು ದಾಟಿ ನನ್ನ ಹತ್ತಿರವೇ ಬಂದ.
ಮೂರು, ಅಂದೆ.